ಮಂಗ ಓಡಿಸುವ ಚಾಟಿ: ಶಿವಮೊಗ್ಗದ ಒಂದು ಚರ್ಮದಂಗಡಿಯಲ್ಲಿ ಮಾಡಿಸಿದ್ದು

ನಮ್ಮ ತೋಟ ಇರುವುದು ಹೊಸನಗರ ತಾಲ್ಲೂಕಿನ ಮಾಸ್ತಿಕಟ್ಟೆ ಕಡೆ. ಅಡಿಕೆ, ನಡುವೆ ಬಾಳೆ, ಸ್ವಲ್ಪ ಏಲಕ್ಕಿ. ಮಂಗಗಳ ಕಾಟ ಎಂಥದ್ದು ಅಂತ ಈ ಕಡೆಯವರಿಗೆ ಹೇಳಬೇಕಾಗಿಲ್ಲ. ಬಾಳೆಗೊನೆ ಬಲಿಯುವ ಮೊದಲೇ ಖಾಲಿ. ಪಟಾಕಿ ಹೊಡೆದರೆ ಕೊಟ್ಟಿಗೆಯಲ್ಲಿ ಹಸು ಬೆದರಿ ಹಗ್ಗ ಜಗ್ಗುತ್ತದೆ. ದಿನಾ ಹೊಡೆಯಲು ದುಡ್ಡೂ ಬೇಕು. ಕೊನೆಗೆ ನಮ್ಮ ಮಾವ ಹೇಳಿದರು, "ಚಾಟಿ ಬೀಸಮ್ಮ. ಆ ಸದ್ದಿಗೆ ಮಂಗ ನಿಲ್ಲೋದಿಲ್ಲ." ಎತ್ತಿನ ಗಾಡಿ ಹೊಡೆದವರು ಅವರು. ಚಾಟಿಯನ್ನು ಎತ್ತಿನ ಮೈಗೆ ತಾಕಿಸದೆ ಬರೀ ಸದ್ದಿನಲ್ಲೇ ಗಾಡಿ ನಡೆಸುತ್ತಿದ್ದರಂತೆ. ನಾನೂ ಗಾಳಿಯಲ್ಲಿ ಮಾತ್ರ ಬೀಸುವುದು. ಯಾವ ಪ್ರಾಣಿಗೂ ಅದು ತಾಗಬಾರದು.

ಮೊದಲು ಆನ್‌ಲೈನಿನಲ್ಲಿ 850 ರೂಪಾಯಿಗೆ ಒಂದು ತರಿಸಿದೆ. ಆರು ಅಡಿ, ಕಪ್ಪಗೆ, ಪಳಪಳ ಹೊಳೆಯುತ್ತಿತ್ತು. ಅಪ್ಪಟ ಚರ್ಮ ಅಂತ ಬರೆದಿತ್ತು. ಆಷಾಢ ಮುಗಿಯುವ ಹೊತ್ತಿಗೆ ಮೇಲಿನ ಹೊಳಪು ಸಿಪ್ಪೆಯ ಹಾಗೆ ಎದ್ದು ಬಂತು. ಹೆಣಿಗೆ ಸಡಿಲವಾಯಿತು. ಬಿಚ್ಚಿ ನೋಡಿದರೆ ಒಳಗೆ ಬಟ್ಟೆ ಚಿಂದಿಯ ಸುರುಳಿ! ಹಿಡಿಯಿಂದ ತುದಿಯವರೆಗೆ ಒಂದೇ ದಪ್ಪ ಬೇರೆ. ಅದು ಒಂದು ದಿನವೂ ಸರಿಯಾಗಿ ಸದ್ದು ಮಾಡಲಿಲ್ಲ.

ಅದನ್ನೂ, ಅಟ್ಟದ ಮೇಲಿದ್ದ ಮಾವನ ಹಳೆಯ ಬಾರುಕೋಲನ್ನೂ ಚೀಲಕ್ಕೆ ಹಾಕಿಕೊಂಡು ಶಿವಮೊಗ್ಗಕ್ಕೆ ಹೋದೆ. ಗಾಂಧಿ ಬಜಾರಿನ ಹತ್ತಿರ ಒಂದು ಓಣಿಯಲ್ಲಿ ಒಂದೇ ಕೋಣೆಯ ಅಂಗಡಿ. ಬೋರ್ಡ್ ಇಲ್ಲ. ಬ್ಯಾಗು, ಬೆಲ್ಟು ರಿಪೇರಿ ಮಾಡುತ್ತಾರೆ. ಶಿಕಾರಿಪುರ, ಸೊರಬದ ಕಡೆಯಿಂದ ಹೋರಿ ಹಬ್ಬಕ್ಕೆ ಗೆಜ್ಜೆಪಟ್ಟಿ ಮಾಡಿಸಲು ಬರುವವರೂ ಇದ್ದಾರೆ. ಅಂಗಡಿಯವರಿಗೆ ಅರವತ್ತು ದಾಟಿರಬಹುದು. ನಾನು "ಎಷ್ಟಾಗತ್ತೆ ಅಣ್ಣ?" ಅಂತ ಕೇಳಿದರೆ, ಅವರು "ಯಾವ ಊರು ಅಮ್ಮ? ಮಳೆ ಎಷ್ಟು ತಿಂಗಳು?" ಅಂದರು. ಉದ್ದ, ಬಣ್ಣ, ದುಡ್ಡು ಎಲ್ಲ ಆಮೇಲೆ.

ಮಾವನ ಬಾರುಕೋಲನ್ನು ಬೆಳಕಿಗೆ ಹಿಡಿದು, ಬಗ್ಗಿಸಿ, ಮೂಸಿ ನೋಡಿದರು. "ತಂಗಡಿ ತೊಗಟೆಯಲ್ಲಿ ಹದ ಮಾಡಿದ್ದು ಇದು. ಎಣ್ಣೆ ಕಾಣದೆ ಒಣಗಿದೆ, ಆದರೆ ಸತ್ತಿಲ್ಲ" ಅಂದರು. ಆಮೇಲೆ ಎರಡು ತುಂಡು ಚರ್ಮ ತಂದು ರಂಪಿಗೆಯಿಂದ, ಅಂದರೆ ಚರ್ಮ ಕೊಯ್ಯುವ ಉಳಿಯಿಂದ, ಅಂಚು ಕತ್ತರಿಸಿ ತೋರಿಸಿದರು. ಒಂದರ ಕತ್ತರಿಸಿದ ಅಂಚು ನಡುವೆ ನೀಲಿ ಬೂದು ಬಣ್ಣ. ಅದು ಕ್ರೋಮ್ ಅನ್ನುವ ರಾಸಾಯನಿಕ ಹಾಕಿ ಹದ ಮಾಡಿದ್ದು. ಮೆತ್ತಗಿರುತ್ತದೆ, ನೀರಿಗೂ ಬೂಷ್ಟಿಗೂ ಸ್ವಲ್ಪ ಜಾಸ್ತಿ ತಡೆಯುತ್ತದೆ, ಆದರೆ ಎಳೆದರೆ ಹಿಗ್ಗುತ್ತದೆ. ಇನ್ನೊಂದು ಒಳಗೂ ಹೊರಗೂ ಒಂದೇ ಕಂದು. ತೊಗಟೆ, ಅಳಲೆಕಾಯಿಯಂಥವುಗಳ ಒಗರಿನಲ್ಲಿ ಹದವಾದದ್ದು. ಒಂದು ಹನಿ ನೀರು ಬಿಟ್ಟರೆ ಹೀರಿಕೊಂಡು ಅಲ್ಲಿ ಕಪ್ಪಾಯಿತು. ಇದನ್ನು ಒದ್ದೆ ಮಾಡಿ ಎಳೆದು ಕೂರಿಸಿದರೆ ಕೂರಿಸಿದ ಹಾಗೇ ಇರುತ್ತದೆ. ಹೆಣೆಯುವುದಕ್ಕೆ ಬೇಕಾದ ಗುಣ ಅದೇ. ಬಣ್ಣ ಬಳಿದ ಚರ್ಮ ಕೊಳ್ಳುವಾಗ ಅಂಚು ನೋಡದೆ ದುಡ್ಡು ಕೊಡಬೇಡಿ. ನನ್ನ ಹಳೆಯ ಚಾಟಿಯ ಅಂಚು ತೋರಿಸಿದರು, ಮೇಲೆ ಪ್ಲಾಸ್ಟಿಕ್ಕಿನಂಥ ಪದರ, ಅಡಿಯಲ್ಲಿ ನಾರು ನಾರಾದ ಸ್ಪ್ಲಿಟ್. ಅಂದರೆ ಗಟ್ಟಿಯಾದ ಮೇಲ್ಪದರ ಸೀಳಿ ತೆಗೆದ ಮೇಲೆ ಉಳಿಯುವ ಅಡಿಭಾಗ.

ಕಾಂಗರೂ ಚರ್ಮ ಸಿಗುತ್ತಾ ಅಂತಲೂ ಕೇಳಿದೆ. ಚಾಟಿಗೆ ಅದೇ ಎಲ್ಲಕ್ಕಿಂತ ಒಳ್ಳೆಯದು ಅಂತ ಓದಿದ್ದೆ. ಆಸ್ಟ್ರೇಲಿಯಾದಲ್ಲಿ ಒಳ್ಳೆಯ ಚಾಟಿಗಳನ್ನು ಅದರಲ್ಲೇ ಹೆಣೆಯುತ್ತಾರೆ. ಕಾಂಗರೂ ಚರ್ಮದ ನಾರು ಚರ್ಮದ ಮೇಲ್ಮೈಗೆ ಸಮವಾಗಿ, ಚಾಪೆ ಹಾಸಿದಂತೆ ಮಲಗಿರುತ್ತದೆ. ಹಾಗಾಗಿ ತೆಳ್ಳಗೆ ಕೆರೆದರೂ ಬಲ ಅಷ್ಟಾಗಿ ಹೋಗುವುದಿಲ್ಲ. ದನ, ಎಮ್ಮೆ ಚರ್ಮದಲ್ಲಿ ನಾರು ಮೇಲೆ ಕೆಳಗೆ ಅಡ್ಡಾದಿಡ್ಡಿ ಹೆಣೆದುಕೊಂಡಿರುತ್ತದೆ. ತೆಳ್ಳಗೆ ಮಾಡಿದಷ್ಟೂ ಆ ಹೆಣಿಗೆ ತುಂಡಾಗಿ ಬಲ ಬೇಗ ಇಳಿಯುತ್ತದೆ. ಅವರು ಕಾಂಗರೂ ಚರ್ಮ ಮುಟ್ಟಿದವರಲ್ಲ, ಆದರೆ ಈ ಮಾತು ಕೇಳಿ ತಲೆಯಾಡಿಸಿದರು. "ಹಾಗಾದ್ರೆ ನಮ್ಮಲ್ಲಿ ಸಿಗೋದ್ರಲ್ಲಿ ಮೇಕೆ. ತೆಳು, ಬಿಗಿ. ಆದರೆ ಚಿಕ್ಕ ಚರ್ಮ, ಉದ್ದ ಬಾರು ಬರಲ್ಲ" ಅಂದರು.

ಅದಕ್ಕೆ ಅವರು ಕಂಡುಕೊಂಡ ದಾರಿ ನನಗೆ ತುಂಬ ಹಿಡಿಸಿತು. ಒಳಗಿನ ತಿರುಳಿಗೆ ಎಮ್ಮೆ ಚರ್ಮದ ಒಂದೇ ಬಾರು, ಹಿಡಿಯ ಕಡೆ ದಪ್ಪ, ಹೋಗ್ತಾ ಹೋಗ್ತಾ ಇಲಿ ಬಾಲದ ಹಾಗೆ ಸಣ್ಣ. ಅದೂ ಬೆನ್ನಿನ ಭಾಗದ್ದು. ಹೊಟ್ಟೆಯ ಕಡೆಯ ಚರ್ಮ ಸಡಿಲ, ಎಳೆದರೆ ಹಿಗ್ಗಿ ಹಿಗ್ಗಿ ಹೋಗುತ್ತದೆ. ಎರಡೂ ಕಡೆಯ ಪಟ್ಟಿಗಳನ್ನು ನನ್ನ ಕೈಯಲ್ಲೇ ಕೊಟ್ಟು ಎಳೆಸಿದರು. ವ್ಯತ್ಯಾಸ ಬೆರಳಿಗೇ ಗೊತ್ತಾಗುತ್ತದೆ. ಮೇಲೆ ಹೆಣೆಯಲು ಮೇಕೆ ಚರ್ಮದ ಎಂಟು ಎಳೆ. ಚರ್ಮವನ್ನು ದುಂಡಗೆ ಮಾಡಿಕೊಂಡು, ಹೊರಗಿನಿಂದ ಒಳಕ್ಕೆ ಚಕ್ಕುಲಿ ಸುತ್ತಿನಂತೆ ಕತ್ತರಿಸುತ್ತಾ ಹೋದರೆ ಉದ್ದ ಎಳೆ ಬರುತ್ತದೆ. ಕತ್ತರಿಸಿದ ಮೇಲೆ ಪ್ರತಿ ಎಳೆಯನ್ನೂ ಜಗ್ಗಿ, ಹಿಗ್ಗುವಷ್ಟು ಮೊದಲೇ ಹಿಗ್ಗಿಸಿ, ಅಂಚನ್ನು ಒಳಭಾಗದಲ್ಲಿ ಓರೆಯಾಗಿ ಕೆರೆಯುತ್ತಾರೆ. ಆಗ ಎಳೆಗಳು ಒಂದರ ಪಕ್ಕ ಒಂದು ಸಂದಿಲ್ಲದೆ ಕೂರುತ್ತವೆ. ಇಷ್ಟು ಮಾಡದೆ ಹೆಣೆದದ್ದು ಎರಡೇ ತಿಂಗಳಿಗೆ ಜೋತು ಬೀಳುತ್ತದೆ.

ಬೆತ್ತದ ಹಿಡಿ. ತುದಿಯಲ್ಲಿ ಒಂಟಿ ಬಾರು, ಅದರ ಕೊನೆಗೆ ಕತ್ತಾಳೆ ನಾರಿನ ಜುಂಗು. ಸವೆಯುವುದೆಲ್ಲ ಅಲ್ಲೇ. ಹಾಗಾಗಿ ಬದಲಿಸಲು ಬರುವ ಹಾಗೆ ಗಂಟು ಹಾಕಿದ್ದಾರೆ.

ಈ ಸಣ್ಣಗಾಗುತ್ತಾ ಹೋಗುವುದು ಯಾಕೆ ಮುಖ್ಯ ಅಂದರೆ, ಚಾಟಿಯ ಸದ್ದು ಏನಕ್ಕೋ ಬಡಿದು ಬರುವುದಲ್ಲ. ಬೀಸಿದಾಗ ಹುಟ್ಟುವ ಬಳುಕು ದಪ್ಪದಿಂದ ತೆಳುವಿಗೆ ಹೋಗುತ್ತಾ ವೇಗ ಏರಿಸಿಕೊಳ್ಳುತ್ತದೆ. ಕೊನೆಗೆ ಶಬ್ದದ ವೇಗವನ್ನೇ, ಅಂದರೆ ಸೆಕೆಂಡಿಗೆ ಸುಮಾರು 340 ಮೀಟರನ್ನು, ದಾಟಿಬಿಡುತ್ತದೆ. ಆ ಛಟೀರ್ ಅನ್ನುವುದು ಗಾಳಿ ಸೀಳಿದ ಸದ್ದು. ನಡುವೆ ಎಲ್ಲಾದರೂ ಚರ್ಮ ಮೆತ್ತಗಿದ್ದರೆ ಬಳುಕು ಅಲ್ಲೇ ಸಾಯುತ್ತದೆ.

ಬೆಲೆ 2,800 ರೂಪಾಯಿ ಆಯಿತು. ಜಾಸ್ತಿ ಅನ್ನಿಸಬಹುದು. ಐದು ವಾರ ಕಾದೆ. ಅವರು ಹೇಳಿದ್ದು ಮೂರು. ಫೋನು ಮಾಡಿದರೆ ಎತ್ತುವುದಿಲ್ಲ. ನಮ್ಮೂರಿನಿಂದ ಎರಡು ಬಸ್ಸು ಹತ್ತಿ ಹೋಗಿ ಬರಿಗೈಯಲ್ಲಿ ವಾಪಸ್ ಬಂದ ದಿನ ನಿಜಕ್ಕೂ ಬೇಜಾರಾಗಿತ್ತು. ಇದೊಂದನ್ನು ಅವರು ಸರಿ ಮಾಡಿಕೊಳ್ಳಬೇಕು.

ಮಳೆಗಾಲಕ್ಕೆ ಅವರು ಹೇಳಿಕೊಟ್ಟದ್ದನ್ನು ಹಾಗೇ ಪಾಲಿಸಿದೆ. ಜೇನುಮೇಣ ಕರಗಿಸಿ ಹರಳೆಣ್ಣೆಗೆ ಬೆರೆಸಿ, ಬಟ್ಟೆಯಲ್ಲಿ ತೆಳ್ಳಗೆ ತಿಂಗಳಿಗೊಮ್ಮೆ. ಎಣ್ಣೆ ಸುರಿದರೆ ಎಳೆ ಸಡಿಲ. ಒದ್ದೆಯಾದರೆ ನೆರಳಲ್ಲಿ ಒಣಗಿಸಬೇಕು. ನಮ್ಮಲ್ಲಿ ಎಲ್ಲವನ್ನೂ ಒಲೆಯ ಮೇಲೆ ನೇತು ಹಾಕುವ ಅಭ್ಯಾಸ ಅಲ್ವಾ, ಚರ್ಮಕ್ಕೆ ಅದು ಬೇಡವೇ ಬೇಡ. ಒದ್ದೆ ಚರ್ಮ ಬಿಸಿಗೆ ಮುದುರಿ ಕಟ್ಟಿಗೆಯಾಗುತ್ತದೆ. ಮೊಳೆಗೆ ಮಡಚಿ ಹಾಕದೆ, ದೊಡ್ಡ ಸುತ್ತಾಗಿ ಸುತ್ತಿ ಗಾಳಿಯಾಡುವ ಕಡೆ ಇಟ್ಟೆ. ಶ್ರಾವಣದಲ್ಲಿ ಎರಡು ಸಲ ಬಿಳಿ ಬೂಷ್ಟು ಬಂತು. ಒಣ ಬಟ್ಟೆಯಲ್ಲಿ ಒರೆಸಿ, ಬಿಸಿಲು ಬಿದ್ದಾಗ ಜಗಲಿಯಲ್ಲಿ ಸ್ವಲ್ಪ ಹೊತ್ತು ಇಟ್ಟರೆ ಹೋಯಿತು. ಒಳಗೆ ಏನೂ ಆಗಿಲ್ಲ.

ಈಗ ಒಂದು ಮಳೆಗಾಲ ಕಳೆದಿದೆ. ಎಂಟು ಎಳೆಯೂ ಬಿಗಿಯಾಗಿವೆ. ಬಣ್ಣ ಜೋನಿಬೆಲ್ಲದ ಹಾಗೆ ಗಾಢವಾಗಿದೆ. ಬೆಳಿಗ್ಗೆ ನಾಲ್ಕು ಸಲ ಬೀಸಿದರೆ ಮಂಗಗಳು ಹಳ್ಳದ ಆಚೆ. ಮಧ್ಯಾಹ್ನ ಮತ್ತೆ ಬರುತ್ತವೆ, ಮತ್ತೆ ಬೀಸುತ್ತೇನೆ. ಈ ಸಲ ಹನ್ನೊಂದು ಗೊನೆ ಮನೆಗೆ ಬಂದಿವೆ. ಹೋದ ವಾರ ಸವೆದ ತುದಿಯ ಬಾರು ಬದಲಿಸಲು ಅಂಗಡಿಗೆ ಹೋಗಿದ್ದೆ. ಇಪ್ಪತ್ತು ನಿಮಿಷದ ಕೆಲಸ, 60 ರೂಪಾಯಿ ತೆಗೆದುಕೊಂಡರು. ಮಾವನ ಹಳೆಯ ಬಾರುಕೋಲನ್ನೂ ಎಣ್ಣೆ ಕುಡಿಸಿ ಮೆತ್ತಗೆ ಮಾಡಿ ಕೊಟ್ಟರು. ಅದಕ್ಕೆ ದುಡ್ಡು ಬೇಡ ಅಂದರು.