ಸೈಕಲ್ ಕಟ್ಟಿಸುವವರೇ, ಬ್ರೇಕಿಗೂ ಲಿವರಿಗೂ ಹೊಂದುತ್ತದೆಯೇ ನೋಡಿ

ಹಳೆಯ ಎಂಟಿಬಿ (ಮೌಂಟನ್ ಬೈಕ್) ಫ್ರೇಮಿಗೆ ಡ್ರಾಪ್ ಹ್ಯಾಂಡಲ್, ಅಂದರೆ ರೇಸ್ ಸೈಕಲಿನ ಹಾಗೆ ಕೆಳಕ್ಕೆ ಬಾಗಿದ ಹ್ಯಾಂಡಲ್, ಹಾಕಿಸಿ ದೂರ ಹೋಗುವ ಸೈಕಲ್ ಮಾಡಿಸಿಕೊಳ್ಳುವ ಆಸೆ ನಮ್ಮ ಕಡೆಯ ಹುಡುಗರಿಗೆ ಹಿಡಿದಿದೆ. ಕಾಸರಗೋಡಿನ ಬದಿಯಡ್ಕ, ಪೆರ್ಲ, ಕುಂಬಳೆ ಕಡೆಯವರು ಯಾರಾದರೂ ಅದಕ್ಕೆ ಹೊರಟಿದ್ದರೆ ಮುಂಗಡ ಕೊಡುವ ಮೊದಲು ಇದನ್ನು ಓದಿ. ಡ್ರಾಪ್ ಹ್ಯಾಂಡಲಿನ ಸಾಮಾನ್ಯ ಲಿವರಿಗೆ ವಿ-ಬ್ರೇಕ್ (ಎರಡು ಬದಿಯಿಂದ ಉದ್ದ ತೋಳುಗಳು ರಿಮ್ಮನ್ನು ಅದುಮುವ ಬ್ರೇಕು) ಸಿಕ್ಕಿಸಿ ಕೊಟ್ಟರೆ ಆ ಸೈಕಲನ್ನು ಮನೆಗೆ ತರಬೇಡಿ, ಅಂಗಡಿಯವರು ಏನೇ ಹೇಳಲಿ.

ನನ್ನ ಅಕ್ಕನ ಮಗ ಅಂಥ ಸೈಕಲಿನಿಂದಲೇ ಬಿದ್ದು ಕೈ ಮುರಿದುಕೊಂಡ. 26 ಇಂಚು ಚಕ್ರದ ಸ್ಟೀಲ್ ಫ್ರೇಮು, ಪೇಟೆಯ ಒಂದು ಅಂಗಡಿಯಲ್ಲಿ ಕಟ್ಟಿಸಿದ್ದು. ಬಣ್ಣ ಯಾವುದು, ಸೀಟು ಯಾವುದು ಎಂದು ಪ್ರತಿಯೊಂದನ್ನೂ ಕೇಳಿ ಮಾಡಿದರು. ಬ್ರೇಕಿನ ಮಾತು ಬಂದಾಗ ಮಾತ್ರ "ಅದು ನಮಗೆ ಬಿಡಿ" ಎಂದರು. ಲಿವರ್ ತುಂಬ ಒಳಗೆ ಹೋಗುತ್ತದಲ್ಲ ಎಂದು ಹುಡುಗ ಕೇಳಿದ್ದಕ್ಕೆ "ವಯರ್ ಟೈಟ್ ಮಾಡಿದ್ದೇನೆ ಮಾರಾಯ, ಇನ್ನು ಹೆದರ್ಲಿಕ್ಕೆ ಇಲ್ಲ" ಎಂಬ ಉತ್ತರ ಬಂತು.

ತೊಂದರೆ ಇದ್ದದ್ದು ವಯರ್ ಸಡಿಲವಾದದ್ದರಲ್ಲಿ ಅಲ್ಲ. ವಿ-ಬ್ರೇಕಿನ ತೋಳು ಉದ್ದ. ಅದರ ಶೂ, ಅಂದರೆ ರಬ್ಬರ್ ತುಂಡು, ರಿಮ್ಮನ್ನು ಮುಟ್ಟಿ ಹಿಡಿಯಬೇಕಾದರೆ ಲಿವರ್ ಬಹಳಷ್ಟು ವಯರ್ ಎಳೆಯಬೇಕು. ಡ್ರಾಪ್ ಹ್ಯಾಂಡಲಿಗೆಂದು ಬರುವ ಸಾಮಾನ್ಯ ಲಿವರುಗಳು ಕಡಿಮೆ ವಯರ್ ಎಳೆದರೆ ಸಾಕಾಗುವ ಕ್ಯಾಲಿಪರ್ ಅಥವಾ ಕ್ಯಾಂಟಿಲಿವರ್ ಬ್ರೇಕಿಗೆ ಮಾಡಿದವು, ಅವು ಎಳೆಯುವುದು ಹೆಚ್ಚು ಕಡಿಮೆ ಅದರ ಅರ್ಧ. ಹಾಗಾಗಿ ಬ್ರೇಕ್ ಹಿಡಿಯಬೇಕಾದರೆ ಶೂವನ್ನು ರಿಮ್ಮಿಗೆ ತಾಗುವಷ್ಟು ಹತ್ತಿರ ಕಟ್ಟಬೇಕಾಗುತ್ತದೆ. ಚಕ್ರ ಒಂದಿಷ್ಟು ಬಾಗಿದರೂ ಉಜ್ಜುತ್ತದೆ, ಉಜ್ಜುತ್ತದೆಂದು ಸಡಿಲಿಸಿದರೆ ಲಿವರ್ ಹೋಗಿ ಹ್ಯಾಂಡಲಿಗೆ ಬಡಿಯುತ್ತದೆ. ನಡುವಿನ ದಾರಿ ಎಂಬುದೇ ಇಲ್ಲ. ಮೋಸದ ಸಂಗತಿಯೆಂದರೆ, ಹೊಸತರಲ್ಲಿ ಈ ಜೋಡಿ ಬಹಳ ಚೆನ್ನಾಗಿ ಹಿಡಿಯುತ್ತದೆ. ಅಂಗಡಿಯ ಅಂಗಳದಲ್ಲಿ ಒಂದು ಸುತ್ತು ಹೊಡೆದವರಿಗೆ ಇದಕ್ಕಿಂತ ಒಳ್ಳೆಯ ಬ್ರೇಕ್ ಬೇರೆ ಇಲ್ಲ ಅನ್ನಿಸಬೇಕು.

ಬೇಸಗೆಯಲ್ಲಿ ಏನೂ ಗೊತ್ತಾಗಲಿಲ್ಲ. ನಮ್ಮಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಮೀರಿ ಮಳೆ, ಅದರ ಬಹುಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ. ರಸ್ತೆಯ ಮೇಲೆಲ್ಲ ಮುರಕಲ್ಲಿನ ಕೆಂಪು ರಾಡಿ. ಅದು ರಿಮ್ಮಿಗೆ ಮೆತ್ತಿಕೊಂಡು ರಬ್ಬರ್ ಶೂವನ್ನು ಉಪ್ಪುಕಾಗದದ ಹಾಗೆ ತಿನ್ನುತ್ತದೆ. ಸರಿಯಾದ ಲಿವರ್ ಇದ್ದರೆ ಶೂ ಒಂದು ಮಿಲಿಮೀಟರ್ ಸವೆದರೂ ಲಿವರ್ ಸ್ವಲ್ಪ ಹೆಚ್ಚು ಒಳಗೆ ಹೋಗಿ ಹಿಡಿಯುತ್ತದೆ. ಈ ಸೈಕಲಿನಲ್ಲಿ ಆ ಒಂದು ಮಿಲಿಮೀಟರಿಗೂ ಜಾಗ ಇರಲಿಲ್ಲ. ಮಳೆಗಾಲದ ಆಟಿ ತಿಂಗಳ ಒಂದು ಬೆಳಿಗ್ಗೆ ಹುಡುಗ ಪೊಸಡಿಗುಂಪೆ ಗುಡ್ಡದಿಂದ ಧರ್ಮತ್ತಡ್ಕದ ಕಡೆಗೆ ಇಳಿಯುತ್ತಿದ್ದ. ಚಡವಿನ ತಿರುವಿನಲ್ಲಿ ಬಲಗೈ ಲಿವರ್, ಅಂದರೆ ಮುಂದಿನ ಬ್ರೇಕು, ಪೂರ್ತಿ ಹ್ಯಾಂಡಲಿಗೆ ಅಂಟಿತು. ಚಕ್ರ ನಿಲ್ಲಲಿಲ್ಲ. ಇಳಿಜಾರಿನಲ್ಲಿ ಭಾರವೆಲ್ಲ ಮುಂದಕ್ಕೆ ಬರುವುದರಿಂದ ಹಿಂದಿನ ಬ್ರೇಕೊಂದರಿಂದ ಆಗುವುದು ಕಡಿಮೆ. ಎದುರಿಗೆ ಜೀಪು ಬರುತ್ತಿತ್ತು, ಅವನು ಸೈಕಲನ್ನು ದರೆಗೆ ತಿರುಗಿಸಿದ. ದರೆ ಇದ್ದ ಬದಿಗೆ ತಿರುವು ಇದ್ದದ್ದು ಪುಣ್ಯ, ಇನ್ನೊಂದು ಬದಿಯಲ್ಲಿ ಕಣಿವೆ.

ಆಮೇಲೆ ಊರಿನ ಒಬ್ಬ ಹಳೆಯ ಮೆಕ್ಯಾನಿಕರಲ್ಲಿ ಸೈಕಲ್ ಬಿಚ್ಚಿಸಿದೆವು. ಹಿಂದಿನ ಬ್ರೇಕಿನ ಔಟರ್, ಅಂದರೆ ವಯರಿನ ಹೊರಕವಚ, ಒಂದು ಕಡೆ ಸೀಳಿ, ಒಳಗಿನ ತಂತಿಗಳು ಹೊರಗೆ ಚಾಚಿದ್ದವು. ಅದು ಬ್ರೇಕಿನ ಔಟರೇ ಅಲ್ಲ, ಗೇರಿನದು. ಇದನ್ನು ನೋಡಿ ನನಗೆ ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ. ಬ್ರೇಕಿನ ಔಟರಿನೊಳಗೆ ಚಪ್ಪಟೆ ತಂತಿಯನ್ನು ಸುರುಳಿ ಸುತ್ತಿರುತ್ತಾರೆ, ಎಷ್ಟು ಒತ್ತಿದರೂ ತಡೆಯುತ್ತದೆ. ಗೇರಿನದರಲ್ಲಿ ತಂತಿಗಳು ಉದ್ದಕ್ಕೆ ಸಾಲಾಗಿ ಇರುತ್ತವೆ, ಹಿಡಿದುಕೊಂಡಿರುವುದು ಹೊರಗಿನ ಪ್ಲಾಸ್ಟಿಕ್ ಮಾತ್ರ. ಜೋರಾಗಿ ಬ್ರೇಕ್ ಒತ್ತಿದಾಗ ಅದು ಒಡೆಯಬಹುದು. ಸಾಮಾನ್ಯವಾಗಿ ಬ್ರೇಕಿನದು 5 ಮಿಲಿಮೀಟರ್ ದಪ್ಪ, ಗೇರಿನದು 4. ಕತ್ತರಿಸಿದ ತುದಿ ನೋಡಿದರೆ ಯಾರಿಗೂ ತಿಳಿಯುತ್ತದೆ. ಜೋಡಿಸುವಾಗ ಪಕ್ಕದಲ್ಲಿ ನಿಂತು ನೋಡಿ.

ಅಂಗಡಿಗೆ ಹೋಗಿ ಕೇಳಿದರೆ, ಇನ್ನಷ್ಟು ದುಡ್ಡು ಕೊಟ್ಟರೆ ಮುಂದಕ್ಕೆ ಡಿಸ್ಕ್ ಬ್ರೇಕ್ ಹಾಕಿಕೊಡುತ್ತೇನೆ ಎಂದರು! ಆ ಫೋರ್ಕಿನಲ್ಲಿ ಡಿಸ್ಕ್ ಕೂರಿಸುವ ಕಿವಿಯೇ ಇಲ್ಲ, ಕ್ಲಾಂಪ್ ಹಾಕಿ ಬಿಗಿಯುತ್ತಾರಂತೆ. ದಯವಿಟ್ಟು ಇದಕ್ಕೆ ಒಪ್ಪಬೇಡಿ. ರಿಮ್ ಬ್ರೇಕಿನ ಹೊರೆ ಫೋರ್ಕಿನ ಮೇಲ್ಭಾಗಕ್ಕೆ ಬೀಳುತ್ತದೆ. ಡಿಸ್ಕಿನದು ಫೋರ್ಕಿನ ಎಡಗಾಲಿನ ಕೆಳತುದಿಗೆ, ಅದೂ ಒಂದೇ ಕಾಲಿಗೆ. ಡಿಸ್ಕಿಗೆಂದು ಮಾಡದ ಫೋರ್ಕಿನಲ್ಲಿ ಆ ತುದಿ ತೆಳ್ಳಗಿರುತ್ತದೆ. ಡಿಸ್ಕ್ ಬೇಕೆಂದರೆ ಅದಕ್ಕೆಂದೇ ಮಾಡಿದ ಫೋರ್ಕು, ಹಬ್ಬು ಎರಡೂ ಬೇಕು. ವಯರಿನಿಂದ ಎಳೆಯುವ ಮೆಕ್ಯಾನಿಕಲ್ ಡಿಸ್ಕಿನಲ್ಲೂ ರೋಡ್ ಲಿವರಿನದು ಬೇರೆ, ಎಂಟಿಬಿ ಲಿವರಿನದು ಬೇರೆ ಎಂಬುದು ನೆನಪಿರಲಿ.

ಕೊನೆಗೆ ನಾವು ಫ್ರೇಮ್, ವಿ-ಬ್ರೇಕ್ ಎರಡನ್ನೂ ಇಟ್ಟುಕೊಂಡು ಲಿವರ್ ಬದಲಿಸಿದೆವು. ಟೆಕ್ಟ್ರೋದ ಆರ್‌ಎಲ್520 ಡ್ರಾಪ್ ಹ್ಯಾಂಡಲಿನದೇ, ಆದರೆ ವಿ-ಬ್ರೇಕಿಗೆ ಬೇಕಾದಷ್ಟು ವಯರ್ ಎಳೆಯುತ್ತದೆ. ಹಳೆಯ ಲಿವರನ್ನೇ ಉಳಿಸಿಕೊಳ್ಳುವವರು ವಿ-ಬ್ರೇಕ್ ಕೂರಿಸಿದ ಅದೇ ಗೂಟಗಳಿಗೆ ಕ್ಯಾಂಟಿಲಿವರ್ ಹಾಕಬಹುದು, ಇಲ್ಲವೇ ತೋಳು ಗಿಡ್ಡವಿರುವ ಮಿನಿ ವಿ-ಬ್ರೇಕ್.

ಈಗಾಗಲೇ ಇಂಥ ಸೈಕಲ್ ಇರುವವರು ಇವತ್ತೇ ಲಿವರನ್ನು ಬಲವಾಗಿ ಒತ್ತಿ ನೋಡಿ. ಲಿವರಿಗೂ ಹ್ಯಾಂಡಲಿಗೂ ನಡುವೆ ಎರಡು ಬೆರಳಿನಷ್ಟಾದರೂ ಜಾಗ ಉಳಿಯಬೇಕು. ರಿಮ್ಮಿಗೆ ಒಂದು ಚೆಂಬು ನೀರು ಹೊಯ್ದು ಸಮತಟ್ಟು ಜಾಗದಲ್ಲಿ ಇನ್ನೊಮ್ಮೆ ಪರೀಕ್ಷಿಸಿ. ಹೊಸತಾಗಿ ಕಟ್ಟಿಸುವವರು ಬಿಲ್ಲಿನಲ್ಲಿ ಲಿವರಿನ ಮತ್ತು ಬ್ರೇಕಿನ ಮಾಡೆಲ್ ಹೆಸರು ಬರೆಸಿಕೊಳ್ಳಿ. ನಮ್ಮ ಬಿಲ್ಲಿನಲ್ಲಿ "ಬ್ರೇಕ್ ಸೆಟ್" ಎಂದಷ್ಟೇ ಇತ್ತು. ಆ ಲಿವರ್ ನಾವು ಕೊಟ್ಟದ್ದೇ ಅಲ್ಲ ಎಂದು ಅಂಗಡಿಯವರು ಹೇಳಿದಾಗ ತೋರಿಸಲು ನಮ್ಮ ಕೈಯಲ್ಲಿ ಏನೂ ಇರಲಿಲ್ಲ.