ಎಸ್‌ಕ್ಯೂಲೈಟ್, ಮೈಎಸ್‌ಕ್ಯೂಎಲ್, ಪೋಸ್ಟ್‌ಗ್ರೆಸ್: ಡೇಟಾಬೇಸ್ ಕಲಿಯುವವರಿಗೆ ಯಾವುದು ಆಗ್ತದೆ? ಮೂರರಲ್ಲೂ ನಮ್ಮೂರ ಲೈಬ್ರರಿ ಪಟ್ಟಿ ಹಾಕಿ ನೋಡಿದ್ದು

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ನಮ್ಮೂರಲ್ಲೊಂದು ಸಣ್ಣ ಲೈಬ್ರರಿ ಉಂಟು, ಅದರ ರಿಜಿಸ್ಟರನ್ನು ಮೂರು ಡೇಟಾಬೇಸಿಗೂ ಹಾಕಿ ನೋಡಿದ್ದೇನೆ. ಪುಸ್ತಕ, ಸದಸ್ಯರು, ಎರವಲು ಅಂತ ಅದೇ ಮೂರು ಟೇಬಲ್, ಡೇಟಾ ಕೇಳಲಿಕ್ಕೆ ಎಸ್‌ಕ್ಯೂಎಲ್ ಭಾಷೆಯಲ್ಲಿ ಬರೆದ ಅದೇ ಕ್ವೆರಿಗಳು. ಟ್ಯುಟೋರಿಯಲ್‌ಗಳಲ್ಲಿ ಕೊಡುವ ಎಂಪ್ಲಾಯಿ-ಡಿಪಾರ್ಟ್‌ಮೆಂಟ್ ಟೇಬಲ್‌ಗಿಂತ ಇದು ಎಷ್ಟೋ ಒಳ್ಳೇದು ಅಂತ ನನಗನ್ನಿಸ್ತದೆ, ಯಾಕಂದ್ರೆ ಇದರಲ್ಲಿ ಕನ್ನಡ ಉಂಟು, ಮಲಯಾಳ ಉಂಟು, ಕನ್ನಡ ಲಿಪಿಯಲ್ಲಿ ಬರೆದ ತುಳು ಉಂಟು, ಹಳೇ ಕಾರ್ಯದರ್ಶಿಗಳು ಕೆಲವು ಕಡೆ ೧೯೮೭ ಅಂತ ಕೆಲವು ಕಡೆ 1987 ಅಂತ ಬರೆದಿಟ್ಟದ್ದೂ ಉಂಟು. ಡೇಟಾಬೇಸ್ ಎಷ್ಟು ಗಟ್ಟಿ ಅಂತ ಇಂಥ ಡೇಟಾ ಹಾಕಿದಾಗಲೇ ಗೊತ್ತಾಗುವುದು.

ಮೊದಲು ಎಸ್‌ಕ್ಯೂಲೈಟ್. ಶುರು ಮಾಡ್ಲಿಕ್ಕೆ ಇದಕ್ಕಿಂತ ಸುಲಭದ್ದು ಬೇರೆ ಇಲ್ಲ. ಸರ್ವರ್ ಇಲ್ಲ, ಪಾಸ್‌ವರ್ಡ್ ಇಲ್ಲ, ಇಡೀ ಡೇಟಾಬೇಸೇ ಒಂದು ಫೈಲು. 2000ರಲ್ಲಿ ರಿಚರ್ಡ್ ಹಿಪ್ ಮಾಡಿದ್ದು, ನಿಮ್ಮ ಕೈಯಲ್ಲಿರುವ ಆಂಡ್ರಾಯ್ಡ್ ಫೋನಿನೊಳಗೂ ಅದೇ ಕೆಲಸ ಮಾಡ್ತಾ ಉಂಟು. ಸೆಲೆಕ್ಟ್ (ಡೇಟಾ ತೆಗೆಯುವುದು), ವೇರ್ (ಷರತ್ತು ಹಾಕುವುದು), ಜಾಯಿನ್ (ಟೇಬಲ್‌ಗಳನ್ನು ಜೋಡಿಸುವುದು) ಇಷ್ಟನ್ನು ಕೈಗೆ ಹತ್ತಿಸಿಕೊಳ್ಳಲಿಕ್ಕೆ ಇದು ಧಾರಾಳ ಸಾಕು.

ಆದ್ರೆ ಇದು ಬೇಡ ಅಂತ ಹೇಳುವುದೇ ಇಲ್ಲ, ಕಲಿಯುವವನಿಗೆ ಅದೇ ತೊಂದರೆ. ಪ್ರಕಟವಾದ ವರ್ಷದ ಕಾಲಂ ಇಂಟೀಜರ್ (ಪೂರ್ಣಾಂಕ) ಅಂತ ಕೊಟ್ಟಿದ್ದೆ, ಅದಕ್ಕೆ ಕನ್ನಡ ಅಂಕಿಯಲ್ಲಿ ೧೯೮೭ ಹಾಕಿದ್ರೆ ಏನೂ ಹೇಳದೆ ತಗೊಂಡಿತು, ಆದ್ರೆ ಸಂಖ್ಯೆಯಾಗಿ ಅಲ್ಲ, ಬರೀ ಅಕ್ಷರವಾಗಿ. ಈಗ 1990ರ ನಂತರದ ಪುಸ್ತಕ ತೋರಿಸು ಅಂತ ಕೇಳಿದ್ರೆ ಆ ೧೯೮೭ರದ್ದೂ ಪಟ್ಟಿಯಲ್ಲಿ ಬರ್ತದೆ! ಯಾಕಂದ್ರೆ ಎಸ್‌ಕ್ಯೂಲೈಟ್ ಲೆಕ್ಕದಲ್ಲಿ ಯಾವುದೇ ಟೆಕ್ಸ್ಟ್ ಯಾವುದೇ ಸಂಖ್ಯೆಗಿಂತ ದೊಡ್ಡದು. ಟೇಬಲ್ ಮಾಡುವಾಗ ಕೊನೆಗೆ ಸ್ಟ್ರಿಕ್ಟ್ ಅಂತ ಸೇರಿಸಿದ್ರೆ ಇದು ನಿಲ್ತದೆ, ಆ ಸೌಲಭ್ಯ ಬಂದದ್ದು 2021ರ 3.37 ಆವೃತ್ತಿಯಲ್ಲಿ, ಹಳೇ ಪಾಠಗಳಲ್ಲಿ ಸಿಗುವುದಿಲ್ಲ. ಫಾರಿನ್ ಕೀ, ಅಂದ್ರೆ ಒಂದು ಟೇಬಲ್‌ನ ನಂಬರ್ ಇನ್ನೊಂದರಲ್ಲಿ ಇರಲೇಬೇಕು ಅನ್ನುವ ನಿಯಮ, ಅದರ ಕತೆಯೂ ಹಾಗೆಯೇ, ಪ್ರತಿ ಕನೆಕ್ಷನ್‌ನಲ್ಲೂ ಪ್ರಾಗ್ಮಾ ಅನ್ನುವ ಸೆಟ್ಟಿಂಗ್ ಕಮಾಂಡ್ ಕೊಟ್ಟು ಆನ್ ಮಾಡದಿದ್ರೆ ಪುಸ್ತಕ ಕೊಂಡುಹೋದ ಸದಸ್ಯರ ಹೆಸರನ್ನೇ ಡಿಲೀಟ್ ಮಾಡ್ಬಹುದು, ಎರವಲು ಟೇಬಲ್‌ನಲ್ಲಿ ಇಲ್ಲದ ಮನುಷ್ಯನ ನಂಬರ್ ಮಾತ್ರ ಉಳೀತದೆ.

ಮೈಎಸ್‌ಕ್ಯೂಎಲ್ ಹೆಚ್ಚಿನವರು ಕಲಿಯುವುದು ವೆಬ್‌ಸರ್ವರ್, ಡೇಟಾಬೇಸ್ ಎಲ್ಲ ಒಟ್ಟಿಗೆ ಬರುವ ಜ಼ಾಂಪ್ ಹಾಕಿ, ಬ್ರೌಸರಿನಲ್ಲಿ ಡೇಟಾಬೇಸ್ ತೋರಿಸುವ ಪಿಎಚ್‌ಪಿಮೈಅಡ್ಮಿನ್ ತೆರೆದು. ಕಣ್ಣಿಗೆ ಕಾಣುವ ಬಟನ್, ಟೇಬಲ್ ಎಲ್ಲ ಎದುರಿಗೇ ಉಂಟು, ಧೈರ್ಯ ಬರ್ತದೆ, ಅದು ಸಣ್ಣ ಲಾಭ ಅಲ್ಲ. ಒಂದು ವಿಷಯ ಮಾತ್ರ ಗೊತ್ತಿರಲಿ, ಈಗಿನ ಜ಼ಾಂಪ್‌ನಲ್ಲಿ ಬರುವುದು ಮರಿಯಾಡಿಬಿ, ಅಂದ್ರೆ ಮೈಎಸ್‌ಕ್ಯೂಎಲ್ ಮಾಡಿದ ವಿಡೇನಿಯಸ್ಸೇ 2009ರಲ್ಲಿ ಬೇರೆ ಕವಲು ತೆಗೆದದ್ದು. ಎರಡೂ ಒಂದೇ ಅಂತ ನಂಬಿದ್ರೆ ಕೆಲವು ಕಡೆ ತಲೆಬಿಸಿ. ಭಾಷೆವಾರು ಎಷ್ಟು ಪುಸ್ತಕ ಅಂತ ಗ್ರೂಪ್ ಬೈ (ಗುಂಪು ಮಾಡುವ ಕಮಾಂಡ್) ಹಾಕಿ, ಜೊತೆಗೆ ಪುಸ್ತಕದ ಹೆಸರನ್ನೂ ಕೇಳಿ ನೋಡಿ. ಮರಿಯಾಡಿಬಿ ಒಂದೊಂದು ಭಾಷೆಗೆ ಯಾವುದೋ ಒಂದು ಹೆಸರು ಹೆಕ್ಕಿ ಕೊಡ್ತದೆ, ಎಸ್‌ಕ್ಯೂಲೈಟೂ ಹಾಗೇ. ಮೈಎಸ್‌ಕ್ಯೂಎಲ್ 5.7ರಿಂದ ಈಚೆಗೆ ಆಗುವುದಿಲ್ಲ ಅಂತ ಎರರ್ ಕೊಡ್ತದೆ, ಅದೇ ಸರಿ, ಯಾಕಂದ್ರೆ ಸಾವಿರ ಕನ್ನಡ ಪುಸ್ತಕದ ಗುಂಪಿಗೆ ಒಂದು ಹೆಸರು ಅಂತ ಎಲ್ಲಿಂದ ಬರಬೇಕು?

ಕನ್ನಡದವರಿಗೆ ಇನ್ನೊಂದು. ಲೆಂಗ್ತ್ ಫಂಕ್ಷನ್‌ಗೆ ‘ಅಡಿಕೆ’ ಕೊಟ್ರೆ ಮೈಎಸ್‌ಕ್ಯೂಎಲ್ 15 ಅಂತದೆ, ಬಾಕಿ ಎರಡು 5 ಅಂತಾವೆ. ಕನ್ನಡದ ಒಂದೊಂದು ಯೂನಿಕೋಡ್ ಚಿಹ್ನೆಗೆ ಯುಟಿಎಫ್-8 ಅನ್ನುವ ಶೇಖರಣಾ ವಿಧಾನದಲ್ಲಿ 3 ಬೈಟ್, ಮೈಎಸ್‌ಕ್ಯೂಎಲ್‌ನ ಲೆಂಗ್ತ್ ಎಣಿಸುವುದು ಬೈಟನ್ನು. ಚಿಹ್ನೆ ಎಣಿಸಲಿಕ್ಕೆ ಚಾರ್ ಲೆಂಗ್ತ್ ಬಳಸಿ. ಮತ್ತೆ ಹಳೇ ವಿಡಿಯೋ ನೋಡಿ ಚೆಕ್ ಕನ್‌ಸ್ಟ್ರೇಂಟ್ (ಕಾಲಂಗೆ ಹಾಕುವ ಷರತ್ತು) ಕಲಿಯುವವರು ಆವೃತ್ತಿ ನೋಡಿಕೊಳ್ಳಿ, 8.0.16ಕ್ಕಿಂತ ಹಿಂದಿನ ಮೈಎಸ್‌ಕ್ಯೂಎಲ್ ಅದನ್ನು ಬರೆಯಲಿಕ್ಕೆ ಬಿಡ್ತಿತ್ತು, ಪಾಲಿಸ್ತಾ ಇರಲಿಲ್ಲ.

ಪೋಸ್ಟ್‌ಗ್ರೆಸ್ ಮೊದಲ ದಿನ ಕಷ್ಟ ಕೊಡ್ತದೆ, ಅದನ್ನು ಮುಚ್ಚಿಡುವುದಿಲ್ಲ. ನಮ್ಮ ಕೇರಳದ ಶಾಲೆಗಳಲ್ಲಿ ಶಾಲೆಗಳ ಐಟಿ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಕೈಟ್‌ನವರ ಲಿನಕ್ಸೇ ಇರುವುದ್ರಿಂದ ಇಲ್ಲಿಯ ಮಕ್ಕಳಿಗೆ ಇನ್‌ಸ್ಟಾಲ್ ಮಾಡುವುದು ದೊಡ್ಡ ವಿಷಯ ಅಲ್ಲ, ಆದ್ರೆ ಒಳಗೆ ಹೋಗುವಾಗ ‘ಪಿಯರ್ ಅಥೆಂಟಿಕೇಶನ್ ಫೇಲ್ಡ್’ ಅಂತ ಬಾಗಿಲಲ್ಲೇ ನಿಲ್ಲಿಸ್ತದೆ. ಲಿನಕ್ಸಿನ ಯೂಸರ್ ಹೆಸರೂ ಡೇಟಾಬೇಸಿನ ಯೂಸರ್ ಹೆಸರೂ ಒಂದೇ ಇರ್ಬೇಕು ಅಂತ ಅದರ ಅರ್ಥ, ಸುಡೊ (ಬೇರೆ ಯೂಸರ್ ಆಗಿ ಕೆಲಸ ಮಾಡಿಸುವ ಕಮಾಂಡ್) ಜೊತೆ ಪೋಸ್ಟ್‌ಗ್ರೆಸ್ ಯೂಸರ್ ಆಗಿ ಪಿಎಸ್‌ಕ್ಯೂಎಲ್ (ಪೋಸ್ಟ್‌ಗ್ರೆಸ್ಸಿಗೆ ಕಮಾಂಡ್ ಕೊಡುವ ಪ್ರೋಗ್ರಾಂ) ಕೊಟ್ರೆ ಆಯ್ತು. ಅದನ್ನು ದಾಟಿದ ಮೇಲೆ ಮೂರರಲ್ಲಿ ಅತ್ಯಂತ ಒಳ್ಳೇ ಗುರು ಇದೇ. ೧೯೮೭ ಹಾಕಿದ್ರೆ ಇದು ಇಂಟೀಜರ್ ಅಲ್ಲ ಅಂತ ಆ ಅಂಕಿಯನ್ನೇ ತೋರಿಸಿ ವಾಪಸ್ ಕಳಿಸ್ತದೆ. ಗ್ರೂಪ್ ಬೈ ತಪ್ಪಿದ್ರೆ ಯಾವ ಕಾಲಂ ಅಂತ ಹೆಸರು ಹಿಡಿದು ಹೇಳ್ತದೆ. ಕಾಲಂ ಹೆಸರಲ್ಲಿ ಒಂದಕ್ಷರ ಆಚೀಚೆ ಆದ್ರೆ ನೀವು ಹೇಳಿದ್ದು ಇದೋ ಅಂತ ಹಿಂಟ್ ಕೂಡ ಕೊಡ್ತದೆ.

ನನಗೆ ತುಂಬ ಇಷ್ಟ ಆದದ್ದು ಬಿಗಿನ್-ರೋಲ್‌ಬ್ಯಾಕ್, ಅಂದ್ರೆ ಶುರು ಮಾಡಿ, ಬೇಡದಿದ್ರೆ ಎಲ್ಲ ವಾಪಸ್ ತೆಗೆಯುವುದು. ಬಿಗಿನ್ ಕೊಟ್ಟು ಎರವಲು ಟೇಬಲನ್ನೇ ಡ್ರಾಪ್ ಮಾಡಿ (ಇಡೀ ಅಳಿಸಿ), ರೋಲ್‌ಬ್ಯಾಕ್ ಹೇಳಿ, ಟೇಬಲ್ ಡೇಟಾ ಸಮೇತ ಇದ್ದಲ್ಲೇ ಇರ್ತದೆ. ಎಸ್‌ಕ್ಯೂಲೈಟಿನಲ್ಲೂ ಆಗ್ತದೆ. ಮೈಎಸ್‌ಕ್ಯೂಎಲ್‌ನಲ್ಲಿ ಡ್ರಾಪ್ ಅಂದ ಕೂಡ್ಲೇ ತನ್ನಷ್ಟಕ್ಕೆ ಕಮಿಟ್, ಅಂದ್ರೆ ಬದಲಾವಣೆ ಖಾಯಂ, ಮತ್ತೆ ಬ್ಯಾಕಪ್ ಹುಡುಕ್ಬೇಕಷ್ಟೆ. ಟ್ರಾನ್ಸಾಕ್ಷನ್ (ಹೀಗೆ ಒಟ್ಟಿಗೆ ಉಳಿಯುವ ಅಥವಾ ಒಟ್ಟಿಗೆ ವಾಪಸ್ ಹೋಗುವ ಕೆಲಸಗಳ ಗುಂಪು) ಅಂದ್ರೇನು ಅಂತ ಹೆದರಿಕೆ ಇಲ್ಲದೆ ಮಾಡಿ ನೋಡ್ಲಿಕ್ಕೆ ಜಾಗ ಬೇಕಾದ್ರೆ ಇಲ್ಲಿ ಉಂಟು.

ಅಕಾರಾದಿಯ ವಿಷಯ ಬೇರೆ ಯಾರೂ ಹೇಳುವುದು ಕಾಣೆ, ಹಾಗಾಗಿ ಹೇಳ್ತೇನೆ. ಸದಸ್ಯರನ್ನು ಊರಿನ ಪ್ರಕಾರ ಜೋಡಿಸಿದ್ರೆ ಎಸ್‌ಕ್ಯೂಲೈಟಿನಲ್ಲಿ ಕಳನಾಡು ಮೊದಲು, ಕಸಬಾ ಆಮೇಲೆ. ಯೂನಿಕೋಡ್ ನಂಬರಿನಲ್ಲಿ ಳ ಕೂತಿರುವುದು ಲ ಆದ ಮೇಲೆ, ವ-ಕ್ಕಿಂತ ಮೊದಲು. ನಮ್ಮ ವರ್ಣಮಾಲೆಯಲ್ಲಿ ಳ ಕೊನೆಗಲ್ವಾ. ಪೋಸ್ಟ್‌ಗ್ರೆಸ್ 10ರಿಂದ ಐಸಿಯು ಕೊಲೇಶನ್ (ಭಾಷೆಗೆ ತಕ್ಕ ಅಕ್ಷರ ಕ್ರಮ) ಬಂದಿದೆ, ಜೋಡಿಸುವ ಕಮಾಂಡ್ ಆರ್ಡರ್ ಬೈ ಜೊತೆ ಕನ್ನಡದ ‘ಕೆಎನ್-ಎಕ್ಸ್-ಐಸಿಯು’ ಕೊಟ್ರೆ ಕಸಬಾ ಮುಂದೆ ಬಂದು ಕಳನಾಡು ಹಿಂದೆ ಹೋಗ್ತದೆ, ನಿಘಂಟಿನಲ್ಲಿ ಇದ್ದ ಹಾಗೆ.

ಹಾಗಾಗಿ ಕಾಲೇಜು ಮಕ್ಕಳು ಕೇಳಿದ್ರೆ ನಾನು ಹೇಳುವುದು, ಒಂದೆರಡು ವಾರ ಎಸ್‌ಕ್ಯೂಲೈಟಿನಲ್ಲಿ ಭಾಷೆ ರೂಢಿ ಮಾಡಿಕೊಳ್ಳಿ, ಮತ್ತೆ ಸೀದಾ ಪೋಸ್ಟ್‌ಗ್ರೆಸ್‌ಗೆ ಹೋಗಿ. ಮಂಗಳೂರಿನಲ್ಲೋ ಕೊಚ್ಚಿಯಲ್ಲೋ ವರ್ಡ್‌ಪ್ರೆಸ್, ಪಿಎಚ್‌ಪಿ ಕೆಲಸ ಹುಡುಕುವವರಿಗೆ ಮೈಎಸ್‌ಕ್ಯೂಎಲ್ ಬೇಕೇ ಬೇಕು, ಪೋಸ್ಟ್‌ಗ್ರೆಸ್ ಕಲಿತವರಿಗೆ ಅದು ಕಷ್ಟ ಆಗುವುದಿಲ್ಲ. ಲೈಬ್ರರಿಯ ದಿನನಿತ್ಯದ ಕೆಲಸಕ್ಕೆ ಮಾತ್ರ ನಾವು ಎಸ್‌ಕ್ಯೂಲೈಟನ್ನೇ ಇಟ್ಟುಕೊಂಡಿದ್ದೇವೆ, ಸ್ಟ್ರಿಕ್ಟ್ ಟೇಬಲ್, ಫಾರಿನ್ ಕೀ ಆನ್, ವರ್ಷವೆಲ್ಲ 1987ರ ತರಹದ ಅಂಕಿಗೆ ಬದಲಾಯಿಸಿ. ಸಂಜೆ ಬೀಗ ಹಾಕುವ ಮೊದಲು ಬ್ಯಾಕಪ್ ಕಮಾಂಡ್ ಕೊಟ್ಟು ಬಂದ ಫೈಲನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಹೋಗ್ತಾರೆ, ಸರ್ವರ್ ನೋಡಿಕೊಳ್ಳಲಿಕ್ಕೆ ಅಲ್ಲಿ ಯಾರೂ ಇಲ್ಲ, ಬೇಕಾಗುವುದೂ ಇಲ್ಲ.