ಕಾಫಿ ಕ್ಯೂರಿಂಗ್ ಲೈನಿಗೆ ಯಾವ ಮಾಡೆಲ್? ಸಿಸ್‌ಎಂಎಲ್, ಪೆಟ್ರಿ ನೆಟ್, ಫೋರ್‌ಡಯಾಕ್ ಮೂರನ್ನೂ ಬಳಸಿ ನೋಡಿದೆ

ಹಾಸನದ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ (ಒಣಗಿದ ಕಾಫಿಯ ಸಿಪ್ಪೆ ತೆಗೆದು ಬೀಜ ವಿಂಗಡಿಸುವ ಕಾರ್ಖಾನೆ) ಸಿಪ್ಪೆ ತೆಗೆಯುವ ಹಲ್ಲರ್‌ನಿಂದ ಬಣ್ಣ ನೋಡಿ ಬೀಜ ಆರಿಸುವ ಕಲರ್ ಸಾರ್ಟರ್‌ವರೆಗಿನ ಲೈನನ್ನು ಆಟೊಮೇಷನ್ ಮಾಡುವ ಕೆಲಸ ನಮಗೆ ಬಂದಿತ್ತು. ಪಿಎಲ್‌ಸಿ (ಯಂತ್ರಗಳನ್ನು ನಡೆಸುವ ಕೈಗಾರಿಕಾ ಕಂಪ್ಯೂಟರ್) ತಂದ ದಿನವೇ ಅದರ ಲ್ಯಾಡರ್ (ಏಣಿಯ ಹಾಗೆ ಕಾಣುವ ಪ್ರೋಗ್ರಾಮ್) ಬರೆಯಲು ಕೂರುವುದು ಬೇಡ, ಮೊದಲು ಲೈನಿನ ಮಾಡೆಲ್, ಅಂದರೆ ಅದು ಹೇಗೆ ಓಡಬೇಕು ಅನ್ನುವ ನಕ್ಷೆ, ಮಾಡೋಣ ಅಂತ ಈ ಸಲ ಹಟ ಹಿಡಿದೆ. ಯಾಕೆಂದರೆ ಒಂದೊಂದು ಮೆಷಿನ್ ಒಂದೊಂದು ಕಂಪನಿಯದು, ಬೇರೆ ಬೇರೆ ತೋಟದ ಲಾಟ್‌ಗಳು ಒಂದರ ಹಿಂದೊಂದು ಅದೇ ಲೈನಿನಲ್ಲಿ ಹೋಗುತ್ತವೆ, ಒಬ್ಬರ ಕಾಫಿಗೆ ಇನ್ನೊಬ್ಬರದು ಒಂದು ಹಿಡಿಯೂ ಸೇರಬಾರದು. ಮಳೆಗಾಲ, ಕೆಲಸ ಕಡಿಮೆ. ಅದೇ ಲೈನನ್ನು ಮೂರು ರೀತಿಯಲ್ಲಿ ಮಾಡಿ ನೋಡಿದೆ.

ಮೊದಲು ಸಿಸ್‌ಎಂಎಲ್. ಸಾಫ್ಟ್‌ವೇರ್‌ನವರು ತಮ್ಮ ವಿನ್ಯಾಸವನ್ನು ಚಿತ್ರದಲ್ಲಿ ಬರೆಯುವ ಯುಎಂಎಲ್ ಅನ್ನೇ ಯಂತ್ರ, ವೈರು, ಮನುಷ್ಯರು ಎಲ್ಲ ಸೇರಿದ ಸಿಸ್ಟಮ್‌ಗೆ ಹೊಂದಿಸಿದ ಭಾಷೆ ಇದು. ಇದನ್ನು ಬರೆಯುವ ಪಪೈರಸ್ ಅನ್ನುವ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ, ಅದರಲ್ಲೇ ಬರೆದೆ. 9 ಬಗೆಯ ಚಿತ್ರಗಳಿವೆ, ನನಗೆ ಬೇಕಾಗಿದ್ದು ನಾಲ್ಕೇ. ಎರಡು ವಾರ ಬರೀ ಬಾಕ್ಸ್ ಜೋಡಿಸಿದ್ದೇ ಆಯಿತು, ಲ್ಯಾಪ್‌ಟಾಪ್ ಬೇರೆ ನಿಧಾನ. ಬೇಸರವಾಗಿತ್ತು. ಆದರೆ ಮೂರನೇ ವಾರ ಮಾಲೀಕರು ಬಂದು, ಗೋಣಿಚೀಲ ನೋಡಿದರೆ ಅದು ಯಾವ ತೋಟದ ಯಾವ ಲಾಟ್ ಅಂತ ಗೊತ್ತಾಗಬೇಕು ಅಂದರು. ಆ ಒಂದು ಬೇಡಿಕೆಯನ್ನು ಮಾಡೆಲ್‌ನಲ್ಲಿ ಸೇರಿಸಿ ಗೆರೆ ಹಿಡಿದು ಹೋದರೆ, ಹಾಪರ್ (ಕಾಫಿ ಸುರಿಯುವ ತೊಟ್ಟಿ), ಗ್ರೇಡರ್ ಬಿನ್ (ವಿಂಗಡಿಸುವ ಮೆಷಿನ್ನಿನ ತೊಟ್ಟಿ), ತೂಕದ ಮೆಷಿನ್, ಲೇಬಲ್ ಪ್ರಿಂಟರ್ ನಾಲ್ಕನ್ನೂ ಮುಟ್ಟಬೇಕು ಅನ್ನುವುದು ಹತ್ತು ನಿಮಿಷದಲ್ಲಿ ಕಂಡಿತು. ಲ್ಯಾಡರ್ ಮಾತ್ರ ಇದ್ದಿದ್ದರೆ ಪ್ರಿಂಟರ್ ವಿಷಯ ಕೊನೆಯ ದಿನ ನೆನಪಾಗುತ್ತಿತ್ತು. ಅಂದ ಹಾಗೆ 2025ರಲ್ಲಿ ಒಎಂಜಿ (ಈ ಭಾಷೆಯ ಮಾನದಂಡ ನೋಡಿಕೊಳ್ಳುವ ಸಂಸ್ಥೆ) ಒಪ್ಪಿದ ಇದರ ಎರಡನೇ ಆವೃತ್ತಿಯಲ್ಲಿ ಮಾಡೆಲನ್ನು ಅಕ್ಷರದಲ್ಲೇ ಬರೆಯಬಹುದು, ಬದಲಾವಣೆಗಳ ದಾಖಲೆ ಇಡುವ ಗಿಟ್‌ನಲ್ಲಿ ಇಟ್ಟುಕೊಳ್ಳಬಹುದು. ಬಾಕ್ಸ್ ಎಳೆದು ಕೈ ಸೋತ ನನ್ನಂಥವರಿಗೆ ಇದು ದೊಡ್ಡ ಸಮಾಧಾನ.

ಸಿಸ್‌ಎಂಎಲ್‌ನ ತೊಂದರೆ ಬೇರೆ ಕಡೆ ಇದೆ. ಚಿತ್ರ ಎಷ್ಟೇ ಚೆನ್ನಾಗಿದ್ದರೂ ಕ್ಯೂರಿಂಗ್‌ನ ಮೇಸ್ತ್ರಿಗೆ ಅದು ಓದಲು ಬರಲಿಲ್ಲ. ಲೈನ್ ಎಲ್ಲಿ ಕಟ್ಟಿಕೊಳ್ಳುತ್ತದೆ ಅಂತ ಸರಿಯಾಗಿ ಗೊತ್ತಿರುವುದು ಅವರೊಬ್ಬರಿಗೇ ಅಲ್ವಾ?

ಅದಕ್ಕೆ ಪೆಟ್ರಿ ನೆಟ್ ಹಿಡಿದೆ. ಕಾರ್ಲ್ ಆಡಮ್ ಪೆಟ್ರಿ 1962ರ ತಮ್ಮ ಪ್ರಬಂಧದಲ್ಲಿ ಕೊಟ್ಟ ವಿಧಾನ, ಇವತ್ತಿಗೂ ಹಳತಾಗಿಲ್ಲ. ದುಂಡನೆಯ ಮನೆಗಳು, ನಡುವೆ ಅಡ್ಡಪಟ್ಟಿಗಳು, ಮನೆಯಿಂದ ಮನೆಗೆ ಹೋಗುವ ಟೋಕನ್‌ಗಳು. ಚಾರ್ಟ್ ಪೇಪರಿನಲ್ಲಿ ಲೈನ್ ಬರೆದು ಟೋಕನ್ ಬದಲು ಕಾಫಿ ಬೀಜವನ್ನೇ ಇಟ್ಟೆ. ಮೇಸ್ತ್ರಿ ಎರಡು ನಿಮಿಷ ನೋಡಿದರು, ಆಮೇಲೆ ತಾವೇ ಬೀಜ ಸರಿಸಲು ಶುರು ಮಾಡಿದರು. ಬಿನ್ ತುಂಬಿದಾಗ ಅದಕ್ಕೆ ಕಾಫಿ ಎತ್ತಿ ಹಾಕುವ ಎಲಿವೇಟರ್ ನಿಲ್ಲುತ್ತದೆ, ಬಕೆಟ್‌ಗಳಲ್ಲಿ ಕಾಫಿ ಉಳಿದಿರುತ್ತದೆ. ಲಾಟ್ ಬದಲಾಗುವಾಗ ಎಲಿವೇಟರ್ ಖಾಲಿ ಇದ್ದರೆ ಮಾತ್ರ ಬಿನ್ ಗೇಟ್ ತೆರೆಯಬೇಕು ಅಂತ ನಾನು ಬರೆದಿದ್ದೆ. "ಅಲ್ಲಪ್ಪಾ, ಗೇಟ್ ತೆರೆದರೆ ತಾನೆ ಎಲಿವೇಟರ್ ಖಾಲಿ ಆಗೋದು? ಇಲ್ಲಿ ಬೀಜ ಮುಂದಕ್ಕೇ ಹೋಗಲ್ಲ" ಅಂದರು. ನಿಜ. ಪಕ್ಕಾ ಡೆಡ್‌ಲಾಕ್, ಒಂದಕ್ಕೊಂದು ಕಾಯುತ್ತಾ ಎರಡೂ ನಿಂತುಬಿಡುವುದು. ಸಿಸ್‌ಎಂಎಲ್‌ನಲ್ಲಿ ಅದೇ ತಪ್ಪು ನಾಲ್ಕು ವಾರ ನನ್ನ ಕಣ್ಣ ಮುಂದೆಯೇ ಇತ್ತು. ಕಂಪ್ಯೂಟರಿನಲ್ಲಿ ಹಾಕಿ, ಟೋಕನ್‌ಗಳು ಎಲ್ಲೆಲ್ಲಿ ಇರಬಹುದು ಅನ್ನುವ ಎಲ್ಲ ಸ್ಥಿತಿಗಳನ್ನೂ ಹುಡುಕಿಸಿದಾಗ ಇಂಥದ್ದೇ ಇನ್ನೊಂದು ಸಿಕ್ಕಿತು.

ಒಂದು ಕೊರತೆ ಇದೆ. ಸಾದಾ ಪೆಟ್ರಿ ನೆಟ್‌ನಲ್ಲಿ ಟೋಕನ್‌ಗಳೆಲ್ಲ ಒಂದೇ, ಯಾವ ಬೀಜ ಯಾರ ತೋಟದ್ದು ಅಂತ ಗೊತ್ತಾಗುವುದಿಲ್ಲ. ಪೇಪರಿನ ಮೇಲೆ ಎರಡನೇ ತೋಟಕ್ಕೆ ಕಾಳುಮೆಣಸು ಇಟ್ಟೆವು, ಕಂಪ್ಯೂಟರಿನಲ್ಲಿ ಟೋಕನ್‌ಗಳನ್ನು ಬೇರೆ ಬೇರೆಯಾಗಿ ಗುರುತಿಸುವ ಬಣ್ಣದ ಪೆಟ್ರಿ ನೆಟ್ ಬೇಕಾಯಿತು. ಲಾಟ್‌ಗಳು ಜಾಸ್ತಿಯಾದಷ್ಟೂ ಸ್ಥಿತಿಗಳ ಲೆಕ್ಕ ಸಿಕ್ಕಾಪಟ್ಟೆ ಬೆಳೆಯುತ್ತದೆ. ಇಡೀ ಕಾರ್ಖಾನೆಯನ್ನು ಒಂದೇ ನೆಟ್‌ನಲ್ಲಿ ಹಾಕಲು ಹೋಗಬೇಡಿ.

ಮೂರನೆಯದು ಫೋರ್‌ಡಯಾಕ್, ಅಂದರೆ ಐಇಸಿ 61499 ಅನ್ನುವ ಅಂತರರಾಷ್ಟ್ರೀಯ ಮಾನದಂಡದ ಫಂಕ್ಷನ್ ಬ್ಲಾಕ್‌ಗಳನ್ನು (ಒಂದೊಂದು ಕೆಲಸ ಮಾಡುವ ಪ್ರೋಗ್ರಾಮ್ ತುಂಡುಗಳು) ಜೋಡಿಸುವ ಟೂಲ್. ಇಲ್ಲಿ ಬರೆದ ಮಾಡೆಲ್ಲೇ ಓಡುತ್ತದೆ, ಮತ್ತೆ ಕೋಡ್ ಬರೆಯುವ ಕೆಲಸ ತುಂಬಾ ಕಡಿಮೆ. ರಾಸ್ಪ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರ್ ಮೇಲೆ ಅದರ ಫೋರ್ಟೆ (ಮಾಡೆಲನ್ನು ಓಡಿಸುವ ಸಾಫ್ಟ್‌ವೇರ್, ಅಂದರೆ ರನ್‌ಟೈಮ್) ಹಾಕಿ ಒಂದು ಎಲಿವೇಟರ್, ಒಂದು ಬಿನ್ ಓಡಿಸಿದೆ. ಸ್ಕ್ರೀನ್‌ನಲ್ಲಿ ಬ್ಲಾಕ್‌ನಿಂದ ಬ್ಲಾಕ್‌ಗೆ ಈವೆಂಟ್ (ಕೆಲಸ ಶುರು ಮಾಡು ಅನ್ನುವ ಸೂಚನೆ) ಹೋಗುವುದು, ಆ ಕಡೆ ಮೋಟರ್ ತಿರುಗುವುದು, ಎರಡನ್ನೂ ಒಟ್ಟಿಗೆ ನೋಡಿದಾಗ ತುಂಬಾ ಖುಷಿಯಾಯಿತು. ಆದರೆ ಒಂದು ಸಂಜೆ ಕರೆಂಟ್ ಹೋಯಿತು. ವಾಪಸ್ ಬಂದಾಗ ಪೈ ಮೊದಲಿನಿಂದ ಶುರುವಾಯಿತು, ಎಲಿವೇಟರ್ ಖಾಲಿ ಅಂತ ತಿಳಿದುಕೊಂಡು ಮುಂದಿನ ಲಾಟ್ ಬಿಟ್ಟಿತು. ಬಕೆಟ್‌ನಲ್ಲಿದ್ದ ಕಾಫಿ ಅದಕ್ಕೆ ಸೇರಿಹೋಯಿತು. ಪರೀಕ್ಷೆಗೆ ಇಟ್ಟಿದ್ದ ಕಾಫಿ, ಯಾರಿಗೂ ನಷ್ಟ ಆಗಲಿಲ್ಲ. ತಪ್ಪು ನನ್ನದೇ, ಕರೆಂಟ್ ಹೋಗುವುದನ್ನು ನಾನು ಮೂರು ಮಾಡೆಲ್‌ಗಳಲ್ಲೂ ಬರೆದಿರಲಿಲ್ಲ. ಇನ್ನೊಂದು ವಿಷಯ, ಈವೆಂಟ್‌ಗಳನ್ನು ಯಾವ ಕ್ರಮದಲ್ಲಿ ನಡೆಸಬೇಕು ಅನ್ನುವುದನ್ನು ಬೇರೆ ಬೇರೆ ರನ್‌ಟೈಮ್‌ಗಳು ಬೇರೆ ಬೇರೆ ರೀತಿ ಅರ್ಥ ಮಾಡಿಕೊಂಡಿವೆ, ಒಂದರಲ್ಲಿ ಓಡಿದ್ದು ಇನ್ನೊಂದರಲ್ಲಿ ಹಾಗೇ ಓಡುತ್ತದೆ ಅಂತ ನಂಬಿ ಕೂರುವಂತಿಲ್ಲ. ಇಲ್ಲಿನ ಎಲೆಕ್ಟ್ರಿಷಿಯನ್‌ಗಳಿಗೆ ಗೊತ್ತಿರುವುದು ಲ್ಯಾಡರ್, ರಾತ್ರಿ ಲೈನ್ ನಿಂತರೆ ಬರುವವರು ಅವರೇ.

ಆಟೊಮೇಷನ್‌ಎಂಎಲ್ ಬಗ್ಗೆಯೂ ಕೇಳುತ್ತಾರೆ. ಅದು ಒಂದು ಟೂಲ್‌ನಿಂದ ಇನ್ನೊಂದಕ್ಕೆ ಮಾಹಿತಿ ಸಾಗಿಸಲು ಇರುವ ಫೈಲ್ ಫಾರ್ಮ್ಯಾಟ್. ಮೆಷಿನ್ ಕೊಟ್ಟವರಿಂದ ನಮಗೆ ಬಂದಿದ್ದು ಬರೀ ಪಿಡಿಎಫ್, ಹಾಗಾಗಿ ಬಳಸುವ ಸಂದರ್ಭವೇ ಬರಲಿಲ್ಲ.

ಒಂದನ್ನೇ ಆರಿಸಬೇಕು ಅಂದರೆ ನನ್ನ ವೋಟು ಪೆಟ್ರಿ ನೆಟ್‌ಗೆ. ಬೇಡಿಕೆಗಳ ಪಟ್ಟಿಗೆ ಮಾತ್ರ ಸಿಸ್‌ಎಂಎಲ್ ಇಟ್ಟುಕೊಂಡಿದ್ದೇನೆ, ಲೈನ್ ಓಡುತ್ತಿರುವುದು ಪಿಎಲ್‌ಸಿ ಮೇಲೆಯೇ. ಕರೆಂಟ್ ಹೋಗುವುದಕ್ಕೂ ಈಗ ಚಾರ್ಟ್ ಪೇಪರಿನಲ್ಲಿ ಒಂದು ಮನೆ ಇದೆ. ಅದನ್ನು ಬರೆಸಿದ್ದು ಮೇಸ್ತ್ರಿ.